ನಕ್ಷತ್ರಾಂತರ ವಲಸೆ: ಹಾರ್ಟ್ ಅವರ ವಾದವೊಂದರ ವಿಮರ್ಶೆ

ಅನ್ಯಲೋಕಗಳಲ್ಲಿ ನಾಗರಿಕ ಜನಾಂಗಗಳಿದ್ದರೆ ಅವು ನಮ್ಮವರೆಗೆ ಬಂದು ಮುಟ್ಟಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಖಗೋಳವಿಜ್ಞಾನಿಗಳಿಗೆ ಒಪ್ಪಿಸಿ, ಇತಿಹಾಸದ ಅಧ್ಯಾಪಕರು ಸುಮ್ಮನಿರುವುದು ವಾಡಿಕೆ. ಆದರೆ ಈ ವಿಷಯವಾಗಿ ಬಹಳ ಚರ್ಚೆಗೆ ಒಳಗಾದ ಲೇಖನಗಳಲ್ಲೊಂದು ಮೇಲುನೋಟಕ್ಕೆ ಖಗೋಳವಿಜ್ಞಾನದ್ದಾಗಿ ಕಂಡರೂ ತಿರುಳಿನಲ್ಲಿ ಇತಿಹಾಸದ್ದೇ ಆಗಿದೆ. ಮೈಕೇಲ್ ಹಾರ್ಟ್ ಎಂಬ ಅಮೆರಿಕನ್ ವಿದ್ವಾಂಸರು 1975ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ತ್ರೈಮಾಸಿಕದಲ್ಲಿ ಪ್ರಕಟಿಸಿದ ಆ ಲೇಖನವು ಅನ್ಯಲೋಕದವರು ಭೂಮಿಯ ಮೇಲೆ ಏಕೆ ಇಲ್ಲವೆಂಬುದಕ್ಕೆ ಕಾರಣವನ್ನು ಹೇಳಹೊರಡುತ್ತದೆ. 1950ರಲ್ಲಿ ಲಾಸ್ ಅಲಾಮೋಸಿನಲ್ಲಿ ಸಂಗಡಿಗರೊಡನೆ ಊಟಕ್ಕೆ ಕುಳಿತಿದ್ದಾಗ ಭೌತವಿಜ್ಞಾನಿ ಎನ್ರಿಕೋ ಫೆರ್ಮಿ ಅವರೆಲ್ಲ ಎಲ್ಲಿದ್ದಾರೆಂದು ಕೇಳಿದ ಮಾತು ಪ್ರಸಿದ್ಧವಾಗಿದೆ. ಆ ಪ್ರಶ್ನೆಗೆ ಒಂದು ವ್ಯವಸ್ಥಿತವಾದ ಉತ್ತರವನ್ನು ಕಟ್ಟಿದ ಕೀರ್ತಿ ಹಾರ್ಟ್ ಅವರದು. ಆ ಉತ್ತರದಲ್ಲಿ ನಮ್ಮ ಶಾಸ್ತ್ರದ ಸಾಕ್ಷ್ಯಕ್ಕೆ ಸಲ್ಲತಕ್ಕ ಸ್ಥಾನವೇನೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ವಾದದ ಕ್ರಮ ಹೀಗಿದೆ. ಭೂಮಿಯ ಮೇಲೆ ಈಗ ಅನ್ಯಲೋಕದವರಿಲ್ಲ. ಇದು ಒಪ್ಪಿತವಾದ ಸಂಗತಿ. ಇದಕ್ಕೆ ಜನ ಹೇಳುವ ಕಾರಣಗಳು ನಾಲ್ಕು ಬಗೆ: ಪ್ರಯಾಣವು ಭೌತಿಕವಾಗಿ ಅಸಾಧ್ಯ, ಅವರಿಗೆ ಬರುವ ಇಚ್ಛೆಯಿಲ್ಲ, ಬರಲು ಇನ್ನೂ ಕಾಲ ಸಾಲದು, ಇಲ್ಲವೆ, ಅವರು ಹಿಂದೆಂದೋ ಬಂದಿರಬಹುದು, ನಾವು ಕಂಡಿಲ್ಲ. ಹಾರ್ಟ್ ಈ ನಾಲ್ಕನ್ನೂ ಒಂದೊಂದಾಗಿ ತಳ್ಳಿಹಾಕಿ, ನಮ್ಮ ಆಕಾಶಗಂಗೆಯಲ್ಲಿ ಬಹುಶಃ ನಮ್ಮದೇ ಮೊದಲ ನಾಗರಿಕತೆಯೆಂಬ ನಿರ್ಣಯಕ್ಕೆ ಬರುತ್ತಾರೆ.

ಮೊದಲನೆಯ ಕಾರಣದ ವಿಷಯದಲ್ಲಿ ನಾನು ಹೆಚ್ಚಾಗಿ ಹೇಳತಕ್ಕದ್ದಿಲ್ಲ. 1977ರಲ್ಲಿ ಹೊರಟ ವಾಯೇಜರ್ 1 ನೌಕೆಯ ವೇಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರು. ಆ ವೇಗದಲ್ಲಿ 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ನಕ್ಷತ್ರದಷ್ಟು ದೂರವನ್ನು ಕ್ರಮಿಸಲು 70,000 ವರ್ಷಗಳಿಗೂ ಮಿಕ್ಕಿ ಬೇಕು. ಹಾರ್ಟ್ ಊಹಿಸುವ ವೇಗ ಬೆಳಕಿನ ವೇಗದ ಹತ್ತರಲ್ಲೊಂದು ಭಾಗ, ಎಂದರೆ ವಾಯೇಜರಿನ ವೇಗದ 1,700 ಪಟ್ಟಿಗಿಂತಲೂ ಹೆಚ್ಚು. ಇದು ಕೇವಲ ಕಟ್ಟುಕಥೆಯೆನ್ನಲಾಗದು. 1973ರಿಂದ 1978ರವರೆಗೆ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯವರು ಡೀಡಲಸ್ ಎಂಬ ನೌಕೆಯ ನಕಾಶೆಯನ್ನು ಸಿದ್ಧಪಡಿಸಿದರು. ಅದು ಬೆಳಕಿನ ವೇಗದ ನೂರಕ್ಕೆ 12ರಷ್ಟು ವೇಗದಲ್ಲಿ ಸುಮಾರು 50 ವರ್ಷಗಳಲ್ಲಿ ಬಾರ್ನಾರ್ಡನ ನಕ್ಷತ್ರವನ್ನು ಸಮೀಪಿಸಬೇಕಾಗಿತ್ತು. ಅದಕ್ಕೆ 50,000 ಟನ್ ಇಂಧನ ಬೇಕು. ಅಷ್ಟಾದರೂ ಅದರಲ್ಲಿ ಯಾತ್ರಿಕರಿಲ್ಲ, ಅಲ್ಲಿ ನಿಲ್ಲುವುದೂ ಇಲ್ಲ, ನಕ್ಷತ್ರವನ್ನು ಹಾದು ಮುಂದಕ್ಕೆ ಹೋಗಿಬಿಡುವುದು. ಪ್ರಯಾಣ ಅತ್ಯಂತ ಕಠಿಣ, ಅಸಾಧ್ಯವಲ್ಲ ಎಂದಿಷ್ಟನ್ನು ಹಾರ್ಟ್ ಅವರಿಗೆ ಬಿಟ್ಟುಕೊಡೋಣ.

ಬಿಟ್ಟುಕೊಟ್ಟಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಒಂದೇ ನೌಕೆ ಎಷ್ಟು ದೂರ ಹೋಗಬಲ್ಲುದೆಂಬುದು ಈಗ ಮುಖ್ಯವಲ್ಲ. ಹತ್ತು ಜ್ಯೋತಿರ್ವರ್ಷ ಹೋಗಿ ನೆಲೆಯೂರಿದ ಜನರ ಸಂತತಿಯವರು ಅಲ್ಲಿಂದ ಮತ್ತೆ ಹೊರಡುವರೇ, ಅವರ ಸಂತತಿಯವರು ಮತ್ತೂ ಮುಂದಕ್ಕೆ ಹೊರಡುವರೇ ಎಂಬುದು ಮುಖ್ಯ. ಹಾರ್ಟ್ ಅವರ ಲೆಕ್ಕದಂತೆ, ಎಲ್ಲಿಯೂ ತಂಗದೆ ವಲಸೆಯ ಗಡಿ ಮುಂದುವರಿದರೆ 6,50,000 ವರ್ಷಗಳಲ್ಲಿ ಆಕಾಶಗಂಗೆಯ ಬಹುಭಾಗವನ್ನು ಹಾಯಬಹುದು. ಪ್ರತಿ ತಂಗುದಾಣದಲ್ಲಿ ಪ್ರಯಾಣದ ಅವಧಿಯಷ್ಟೇ ಕಾಲ ನಿಂತರೆ ಇದು ಇಮ್ಮಡಿಯಾಗುತ್ತದೆ, ಅಷ್ಟೆ. ಈ 'ಇಮ್ಮಡಿ'ಯು ಖಗೋಳವಿಜ್ಞಾನದಿಂದ ಬಂದದ್ದಲ್ಲ. ವಲಸೆ ಹೋದ ಜನ ಹೇಗೆ ನಡೆದುಕೊಳ್ಳುವರೆಂಬುದನ್ನು ಕುರಿತ ಒಂದು ಊಹೆ ಅದು, ಮತ್ತು ಅಂಥ ಊಹೆಯನ್ನು ಪರೀಕ್ಷಿಸಲು ನಮ್ಮಲ್ಲಿರುವುದು ಮನುಷ್ಯ ಚರಿತ್ರೆಯೊಂದೇ.

ಇಲ್ಲಿ ನಮ್ಮವರು ಸಾಮಾನ್ಯವಾಗಿ ಎತ್ತುವ ಆಕ್ಷೇಪಣೆಯೊಂದುಂಟು. ನಾನೂ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನಿಗೆ ಅದನ್ನೇ ಉತ್ತರವಾಗಿ ಕೊಟ್ಟವನು. ಚೀನದ ಝೆಂಗ್ ಹೆ 1405ರಿಂದ 1433ರವರೆಗೆ ಏಳು ಮಹಾಯಾನಗಳನ್ನು ನಡೆಸಿದನು. ಆಫ್ರಿಕದ ಕರಾವಳಿಯನ್ನು ಮುಟ್ಟಿದ ಆ ನೌಕಾಬಲವನ್ನು ಅನಂತರ ಮಿಂಗ್ ಆಸ್ಥಾನವೇ ನಿಲ್ಲಿಸಿಬಿಟ್ಟಿತು. ಆದುದರಿಂದ ಶಕ್ತಿಯಿದ್ದವರೆಲ್ಲ ಹೊರಡುತ್ತಲೇ ಇರುವರೆಂದು ಹೇಳಲಾಗದೆಂಬುದು ಆ ಉತ್ತರ. ಹಾರ್ಟ್ ಅವರ ಲೇಖನವನ್ನು ಸಾವಧಾನವಾಗಿ ಓದಿದ ಮೇಲೆ ಈ ದೃಷ್ಟಾಂತವನ್ನು ಹಿಂತೆಗೆದುಕೊಳ್ಳಬೇಕಾಗಿದೆ. ಇಚ್ಛೆಯಿಲ್ಲವೆಂಬ ಕಾರಣವು ಎಲ್ಲ ಜನಾಂಗಗಳಿಗೂ ಎಲ್ಲ ಕಾಲಕ್ಕೂ ಅನ್ವಯಿಸಿದಲ್ಲದೆ ನಿಲ್ಲದೆಂದು ಅವರು ಹೇಳುತ್ತಾರೆ. ಝೆಂಗ್ ಹೆಯ ಹಡಗುಗಳು ಬರುತ್ತಿದ್ದ ಕಲ್ಲೀಕೋಟೆಗೆ, ಅವು ನಿಂತ 65 ವರ್ಷಗಳಲ್ಲಿ, 1498ರಲ್ಲಿ, ವಾಸ್ಕೋ ಡ ಗಾಮ ಬಂದಿಳಿದನು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದರು. ಹಾರ್ಟ್ ಅವರ ವಿರುದ್ಧವಾಗಿ ನಾವು ತಂದ ಸಾಕ್ಷಿ ಅವರ ಪರವಾಗಿಯೇ ನುಡಿಯುತ್ತಾನೆ!

ಎರಡನೆಯ ಆಕ್ಷೇಪಣೆ ತಂಗುವ ಅವಧಿಯನ್ನು ಕುರಿತದ್ದು. ಪಾಲಿನೇಷ್ಯದವರ ಪೂರ್ವಜರು ಕ್ರಿ.ಪೂ. 9ನೆಯ ಶತಮಾನದ ಸುಮಾರಿಗೆ ಟೋಂಗವನ್ನು ಸೇರಿದರು. ಅಲ್ಲಿಂದಾಚೆಗೆ ಪೂರ್ವದ ವಿಶಾಲ ಸಾಗರದೊಳಕ್ಕೆ ಸಾಗಲು ಒಂದೂವರೆ ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಆಮೇಲೆ ಮೂರು ನಾಲ್ಕು ಶತಮಾನಗಳ ಒಳಗಾಗಿ ಹವಾಯಿ, ರಾಪನೂಯಿ, ನ್ಯೂಜಿಲೆಂಡುಗಳಲ್ಲಿ ಜನವಸತಿಯಾಯಿತು. ಪ್ರಯಾಣದ ಅವಧಿ ವಾರಗಳು, ತಂಗಿದ್ದು ಸಹಸ್ರಮಾನ. 'ಇಮ್ಮಡಿ'ಯ ಊಹೆ ಇಲ್ಲಿ ಪೂರ್ಣವಾಗಿ ಮುರಿದುಬೀಳುತ್ತದೆ. ಆದರೂ ವಾದ ಮುರಿಯುವುದಿಲ್ಲ. ಹತ್ತು ಜ್ಯೋತಿರ್ವರ್ಷಕ್ಕೊಂದು ತಂಗುದಾಣದಂತೆ 6,500 ತಂಗುದಾಣಗಳಲ್ಲಿ ತಲಾ 2,000 ವರ್ಷ ನಿಂತರೂ ಆಗುವ ವಿಳಂಬ 1 ಕೋಟಿ 30 ಲಕ್ಷ ವರ್ಷ. ಆಕಾಶಗಂಗೆಯ ವಯಸ್ಸು 1,000 ಕೋಟಿ ವರ್ಷಗಳಿಗೂ ಹೆಚ್ಚು; ಅದರ ಏಳುನೂರರಲ್ಲಿ ಒಂದು ಪಾಲೂ ಇದಾಗದು. ಶತಮಾನಗಳನ್ನು ಎಣಿಸಿ ಅಭ್ಯಾಸವಾದ ನಮಗೆ ಇದು ಸ್ವಲ್ಪ ಮುಖಭಂಗದ ಸಂಗತಿಯೇ ಸರಿ.

ಹಾಗಾದರೆ ಇತಿಹಾಸಕ್ಕೆ ಹೇಳಲು ಏನೂ ಉಳಿಯಲಿಲ್ಲವೇ? ಉಳಿದಿದೆಯೆಂದು ನನ್ನ ಅಭಿಪ್ರಾಯ. ಅದು ತಡವಾದ ವಲಸೆಗಳಲ್ಲಿ ಅಲ್ಲ, ಅಳಿದುಹೋದ ವಲಸೆಗಳಲ್ಲಿದೆ. 1790ರಲ್ಲಿ ಬೌಂಟಿ ನೌಕೆಯ ಬಂಡುಕೋರರು ಪಿಟ್‌ಕೇರ್ನ್ ದ್ವೀಪವನ್ನು ಸೇರಿದಾಗ ಅಲ್ಲಿ ಮನುಷ್ಯರಿರಲಿಲ್ಲ. ಆದರೆ ಕಲ್ಲಿನ ವಿಗ್ರಹಗಳೂ ಕಲ್ಲಿನ ಬಾಚಿಗಳೂ ಇದ್ದವು. ನೆರೆಯ ಹೆಂಡರ್ಸನ್ ದ್ವೀಪದಲ್ಲಿಯೂ ಪಾಲಿನೇಷ್ಯದವರು ನೆಲಸಿದ್ದುದನ್ನು ಉತ್ಖನನಗಳು ತೋರಿಸಿವೆ. ಉಪಕರಣಗಳಿಗೆ ತಕ್ಕ ಕಲ್ಲು ಅಲ್ಲಿ ದೊರೆಯದು; ಪಿಟ್‌ಕೇರ್ನಿನಿಂದಲೂ ದೂರದ ಮಾಂಗರೇವದಿಂದಲೂ ಬರುತ್ತಿದ್ದ ಕಲ್ಲು ಮತ್ತು ಚಿಪ್ಪುಗಳನ್ನೇ ಆ ಜನ ನೆಚ್ಚಿದ್ದರು. ಆ ಸರಬರಾಯಿ ನಿಂತಿತು. ಅನಂತರ ಜನವೂ ಇಲ್ಲವಾಯಿತು. ಗ್ರೀನ್‌ಲೆಂಡಿನ ನಾರ್ಸ್ ವಸಾಹತಿನ ಕಥೆಯೂ ಬೇರೆಯಲ್ಲ. 10ನೆಯ ಶತಮಾನದ ಕೊನೆಗೆ ಆರಂಭವಾದ ಅದರ ಕೊನೆಯ ಲಿಖಿತ ದಾಖಲೆ 1408ರಲ್ಲಿ ಹ್ವಾಲ್ಸೆ ಚರ್ಚಿನಲ್ಲಿ ನಡೆದ ಒಂದು ಮದುವೆ. ಅಲ್ಲಿಂದ ಮುಂದಕ್ಕೆ ಸಾಗಿ 1021ರಲ್ಲಿ ನ್ಯೂಫೌಂಡ್‌ಲೆಂಡಿನಲ್ಲಿ ಮರ ಕಡಿದವರು ಆ ಖಂಡದಲ್ಲಿ ನಿಲ್ಲಲೇ ಇಲ್ಲ.

ಇವುಗಳಿಂದ ಎರಡು ಸಂಗತಿಗಳು ಹೊರಡುತ್ತವೆ. ದೂರದ ವಸಾಹತು ತನ್ನ ಮೂಲನೆಲೆಯಿಂದ ಬೇರ್ಪಟ್ಟು ತಾನೇ ತಾನಾಗಿ ಬದುಕುವುದು ನಿಯಮವಲ್ಲ. ಮುಂದಿನ ವಲಸೆಗೆ ತಾಯಿಯಾಗುವುದಂತೂ ಇನ್ನೂ ಅಪರೂಪ. ಭೌತವಿಜ್ಞಾನಿ ಜೆಫ್ರಿ ಲ್ಯಾಂಡಿಸ್ 1998ರಲ್ಲಿ ಇದನ್ನೇ ಗಣಿತದ ರೂಪದಲ್ಲಿ ಮಂಡಿಸಿದರು: ಕೆಲವು ವಸಾಹತುಗಳು ಮುಂದಕ್ಕೆ ಹೊರಡದಿದ್ದರೆ ವ್ಯಾಪನೆಯ ನಡುವೆ ಜನರಿಲ್ಲದ ದೊಡ್ಡ ಎಡೆಗಳು ಉಳಿದುಬಿಡುತ್ತವೆ, ನಾವು ಅಂಥದೊಂದು ಎಡೆಯಲ್ಲಿರಬಹುದು. ಎರಡನೆಯದಾಗಿ, ಈಗ ಇಲ್ಲವೆಂಬುದರಿಂದ ಎಂದೂ ಬಂದಿರಲಿಲ್ಲವೆಂದು ಹೇಳಲಾಗದು. ಶಾಸನ ದೊರೆಯಲಿಲ್ಲವೆಂದು ಅರಸನೇ ಇರಲಿಲ್ಲವೆನ್ನುವವರನ್ನು ನಾವು ಪ್ರಥಮ ವರ್ಷದಲ್ಲಿಯೇ ತಿದ್ದುತ್ತೇವೆ. ಕ್ಯಾರಲ್-ನೆಲೆನ್‌ಬ್ಯಾಕ್, ಫ್ರ್ಯಾಂಕ್, ರೈಟ್ ಮತ್ತು ಶಾರ್ಫ್ ಎಂಬ ನಾಲ್ವರು 2019ರಲ್ಲಿ ವಸಾಹತುಗಳಿಗೂ ಆಯುಸ್ಸಿನ ಮಿತಿಯುಂಟೆಂದು ಇಟ್ಟುಕೊಂಡು ಲೆಕ್ಕ ಹಾಕಿದಾಗ, ನಾಗರಿಕತೆಗಳುಳ್ಳ ಆಕಾಶಗಂಗೆಯಲ್ಲಿಯೂ ಭೂಮಿಯಂಥ ಗ್ರಹಕ್ಕೆ ಬಹುಕಾಲ ಯಾರೂ ಬಾರದಿರುವುದು ಅಸಂಗತವಲ್ಲವೆಂದು ಕಂಡಿತು. ಪಿಟ್‌ಕೇರ್ನಿಗೆ 1790ರಲ್ಲಿ ಮತ್ತೆ ಜನ ಬಂದರಲ್ಲವೆಂದು ಹಾರ್ಟ್ ಅವರ ಪಕ್ಷದವರು ಕೇಳಬಹುದು. ಬಂದರು, ನಿಜ, ಹೆಂಡರ್ಸನ್ನಿನಲ್ಲಿ ಇಂದಿಗೂ ಯಾರೂ ವಾಸಿಸುವುದಿಲ್ಲ.

ಲೇಖನದ ಕೊನೆಯಲ್ಲಿ ಹಾರ್ಟ್ ಎರಡು ಉಪಸಿದ್ಧಾಂತಗಳನ್ನು ಸೇರಿಸಿದ್ದಾರೆ. ಅನ್ಯಲೋಕಗಳ ರೇಡಿಯೋ ಸಂದೇಶಗಳನ್ನು ವ್ಯಾಪಕವಾಗಿ ಹುಡುಕುವುದು ಬಹುಶಃ ಕಾಲಹರಣ, ಹಣದ ಅಪವ್ಯಯ. ಮುಂದೊಂದು ಕಾಲಕ್ಕೆ ನಮ್ಮ ಸಂತತಿಯವರೇ ಆಕಾಶಗಂಗೆಯ ವಾಸಯೋಗ್ಯ ಗ್ರಹಗಳಲ್ಲಿ ಬಹುಪಾಲನ್ನು ಆಕ್ರಮಿಸಿಕೊಳ್ಳುವರು. ಎರಡನೆಯದು ಭವಿಷ್ಯವಾಣಿ, ಅದಕ್ಕೆ ವಿಮರ್ಶೆ ಬೇಕಿಲ್ಲ. ಮೊದಲನೆಯದು ಹಾಗಲ್ಲ, ಅದರಿಂದ ಆಗುವ ಹಾನಿ ನಿಜವಾದದ್ದು. 1993ರಲ್ಲಿ ಅಮೆರಿಕದ ಕಾಂಗ್ರೆಸ್ಸು ನಾಸಾ ಸಂಸ್ಥೆಯ ಇಂಥ ಶೋಧಕಾರ್ಯಕ್ಕೆ ಹಣವನ್ನು ನಿಲ್ಲಿಸಿತು. ಹಾರ್ಟ್ ಅವರ ಲೇಖನವೇ ಅದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ನೌಕೆಗಳು ಬರಲಾರವೆಂದಾದರೆ ರೇಡಿಯೋ ಒಂದೇ ದಾರಿಯಾಗಿ ಉಳಿಯುವುದರಿಂದ, ಅದನ್ನು ನಿಲ್ಲಿಸಲು ಈ ವಾದವನ್ನು ಆಧಾರವಾಗಿ ಹಿಡಿಯುವುದು ಸಾಧುವಲ್ಲ.

ಪಿಟ್‌ಕೇರ್ನಿನ ಪೂರ್ವನಿವಾಸಿಗಳ ವಿಷಯ ನಮಗೆ ತಿಳಿದದ್ದು ಅಲ್ಲಿಗೆ ಹೋಗಿ ನೆಲವನ್ನು ಅಗೆದುದರಿಂದ. ಭೂಮಿಯ ಹಳೆಯ ಮುಖವು ತಾನಾಗಿಯೇ ಅಳಿಸಿಹೋಗುತ್ತದೆ. ಸಾಗರತಳದಲ್ಲಿ 20 ಕೋಟಿ ವರ್ಷಗಳಿಗಿಂತ ಹಿಂದಿನದು ಉಳಿದಿರುವುದು ಬಲು ವಿರಳ. ಗಾಳಿಮಳೆಗಳಿಲ್ಲದ ಚಂದ್ರನ ಮೇಲೆ ಗುರುತುಗಳು ಬಹುಕಾಲ ನಿಲ್ಲಬಲ್ಲವು. ಅಲ್ಲಿ 1969ರಿಂದ 1972ರವರೆಗೆ ಮನುಷ್ಯರು ಇಳಿದದ್ದು ಆರು ಸಾರಿ, ಅವರು ತಂದ ಕಲ್ಲುಮಣ್ಣು 382 ಕಿಲೋಗ್ರಾಂ.