ಅಂಬಾಬಾಯಿಗೆ ತೆರೆಯದ ಬಾಗಿಲು

ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ವಿಕ್ಟೋರಿಯಾ ರಾಣಿ ಇನ್ನೂ ಬದುಕಿದ್ದ ಕಾಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂಬ ಬಿರುದು ಅದಕ್ಕೆ ಅಂಟಿಕೊಂಡಿದೆ. ಆದರೆ ಇಂದಿಗೂ ಓದುಗರನ್ನು ಕಲಕುವುದು ಅದರಲ್ಲಿ ಬರುವ ಮನೆ.

ಗಂಡ ಸತ್ತ ಎಳೆಯ ಇಂದಿರೆಗೆ ತವರೇ ಸೆರೆಮನೆ. ಹಣದಾಸೆಯ ತಂದೆ ಭೀಮರಾಯ, ಸಂತಮಂಡಳಿಯ ಸೇವೆಯಲ್ಲಿ ಮುಳುಗಿದ ತಾಯಿ ಅಂಬಾಬಾಯಿ. ಭಜನೆಯ ಮರೆಯಲ್ಲಿ ಲಂಪಟತನ ನಡೆಸುವ ಆ ಸಂತರ ಸೇವೆಗೆ ಮಗಳನ್ನೂ ದೂಡಲು ಹೊರಟವಳು ಹೆತ್ತತಾಯಿಯೇ. ಪೊಲೀಸ್ ಇಲಾಖೆಯಲ್ಲಿ ದುಡಿದಿದ್ದ ವೆಂಕಟರಾಯರು ಇದನ್ನೆಲ್ಲ ಯಾವ ಮುಲಾಜೂ ಇಲ್ಲದೆ ಬರೆದರು. ತಮ್ಮದೇ ಸಾರಸ್ವತ ಸಮಾಜದ ಒಳಮನೆಯನ್ನು ಹೀಗೆ ಬಯಲಿಗಿಡಲು ಎಂಥ ಎದೆಗಾರಿಕೆ ಬೇಕಿತ್ತು! ಇಂದಿರೆ ಮನೆ ಬಿಟ್ಟು ಓಡುತ್ತಾಳೆ, ಸುಧಾರಕ ಅಮೃತರಾಯರ ಆಸರೆಯಲ್ಲಿ ಓದುತ್ತಾಳೆ, ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ.

ತಕರಾರು ಇರುವುದು ಇಲ್ಲೇ. ಓಡುವ ತನಕ ಜೀವಂತವಾಗಿದ್ದ ಹುಡುಗಿ ಆಸರೆ ಸಿಕ್ಕಮೇಲೆ ಮಂಕಾಗುತ್ತಾಳೆ. ಮಾತೆಲ್ಲ ಸುಧಾರಕರ ಪಾಲಾಗುತ್ತದೆ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಅದೇ ಹತ್ತೊಂಬತ್ತನೆಯ ಶತಮಾನಕ್ಕೆ ಹಿಂತಿರುಗಿ ನೋಡಿದ ಕೃತಿ. ಮಲೆನಾಡಿನ ಬಾಲವಿಧವೆ ಫಣಿಯಮ್ಮ ಎಲ್ಲಿಗೂ ಓಡುವುದಿಲ್ಲ. ತಲೆ ಬೋಳಿಸಿಕೊಂಡು ಅದೇ ಅಡುಗೆಮನೆಯಲ್ಲಿ ಜೀವ ಸವೆಸುತ್ತಾಳೆ. ಆದರೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ಕೂದಲು ಕೊಡುವುದಿಲ್ಲವೆಂದು ಹಟ ಹಿಡಿದಾಗ ಈ ಮುದುಕಿ ಅವಳ ಪರ ನಿಲ್ಲುತ್ತಾಳೆ. ಹೆಣ್ಣಿನ ಮನಸ್ಸು ಒಳಗೊಳಗೇ ಮಾಗಿದ್ದು ಆ ಒಂದು ಸಂದರ್ಭದಲ್ಲಿ ಕಾಣುವಷ್ಟು ನಿಚ್ಚಳವಾಗಿ 'ಇಂದಿರಾಬಾಯಿ'ಯಲ್ಲಿ ಎಲ್ಲೂ ಕಾಣದು. ಕಾದಂಬರಿಯಾಗಿ 'ಫಣಿಯಮ್ಮ'ನದೇ ಮೇಲುಗೈ.

ಹಳೆಯ ಕಾದಂಬರಿ ಕಡೆಗಣಿಸಿದ ಹೆಣ್ಣಿಗೆ ಹೊಸ ಕಾದಂಬರಿ ದನಿ ಕೊಟ್ಟದ್ದೂ ಉಂಟು. ಇಂಗ್ಲಿಷಿನಲ್ಲಿ ಷಾರ್ಲೆಟ್ ಬ್ರಾಂಟೆಯ 'ಜೇನ್ ಐರ್' (1847) ಗಂಡನ ಮನೆಯ ಅಟ್ಟದಲ್ಲಿ ಕೂಡಿಹಾಕಿದ 'ಹುಚ್ಚಿ' ಬರ್ತಾಳನ್ನು ಭೂತದಂತೆ ತೋರಿಸಿತ್ತು. 1966ರಲ್ಲಿ ಜೀನ್ ರೀಸ್ 'ವೈಡ್ ಸರ್ಗಾಸೊ ಸೀ' ಬರೆದು ಅವಳ ಬಾಲ್ಯ, ಮದುವೆ, ಹೆಸರನ್ನೇ ಬದಲಿಸಿದ ಗಂಡ ಎಲ್ಲವನ್ನೂ ಅವಳ ಕಡೆಯಿಂದ ಹೇಳಿದರು. ಹುಚ್ಚು ಹೇಗೆ ಹಿಡಿಯಿತು, ಹಿಡಿಸಿದವರು ಯಾರು ಎಂಬುದು ಆಗ ಬಯಲಾಯಿತು.

ಅಂಬಾಬಾಯಿಗೂ ಅಂಥದೊಂದು ಕಾದಂಬರಿ ಬೇಕಾಗಿದೆ. ಮುತ್ತೈದೆಯಾದ್ದರಿಂದ ಸುಧಾರಕರ ಕರುಣೆ ಅವಳತ್ತ ತಿರುಗಲಿಲ್ಲ. ವೆಂಕಟರಾಯರೂ ಅವಳನ್ನು ಖಳನಾಯಕಿಯಾಗಿಸಿ ಕೈತೊಳೆದುಕೊಂಡರು. ಭೀಮರಾಯನಂಥವನ ಜೊತೆ ಸಂಸಾರ ಮಾಡಿದ ಹೆಂಗಸಿಗೆ ಸಂತರ ಭಜನೆಯಲ್ಲಿ ಸಿಕ್ಕಿದ್ದಾದರೂ ಏನು? ಮಗಳು ಓಡಿಹೋದ ಮರುದಿನ ಆ ಮನೆಯಲ್ಲಿ ಅವಳು ಹೇಗಿದ್ದಳು? ಮಂಗಳೂರಿನ ಲೇಖಕಿಯೊಬ್ಬರು ಇದನ್ನು ಬರೆಯಲಿ.