ಪರದೇಶದ ಪರದೆಯ ಮೇಲೆ ನಮ್ಮ ಸೀಮೆಯ ಮಾತು

ಕನ್ನಡದ ಸಣ್ಣ ಬಂಡವಾಳದ ಚಿತ್ರಗಳು ಈಚೆಗೆ ಸಮುದ್ರ ದಾಟಿ ಹೋಗಿ, ಅಲ್ಲಿಂದ ಹಿಂತಿರುಗಿ ನಮ್ಮ ಊರುಗಳಿಗೆ ಬರುವ ಪದ್ಧತಿಯನ್ನು ಹಿಡಿದಿವೆ. ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆದು ಮರುವರ್ಷ ಕರ್ನಾಟಕದ ಟಾಕೀಸುಗಳನ್ನು ಕಂಡಿತು. ‘ಶಿವಮ್ಮ’ 2022ರಲ್ಲಿ ಕೊರಿಯದ ಬೂಸಾನಿನಲ್ಲಿ ಗೆದ್ದು ನಮ್ಮವರ ಎದುರಿಗೆ ಬಂದದ್ದು 2024ರಲ್ಲಿ. ನಟೇಶ ಹೆಗಡೆಯವರ ‘ಪೆದ್ರೊ’ 2021ರಲ್ಲಿ ಅದೇ ಬೂಸಾನಿಗೂ, ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ನಿಗೂ ಹೋದವು. ಪರಸ್ಥಳದಲ್ಲಿ ಮೆಚ್ಚುಗೆ ಪಡೆದ ಮೇಲೆಯೇ ಮನೆಯವರು ಮಾತನಾಡಿಸುವ ಮಗನಂತಾಗಿದೆ ಈ ಚಿತ್ರಗಳ ಪಾಡು.

ಇವು ಪರದೇಶದವರಿಗಾಗಿಯೇ ತೆಗೆದ ಚಿತ್ರಗಳೆಂದು ಮೂಗು ಮುರಿಯುವವರು ನಮ್ಮಲ್ಲಿ ಕಡಮೆಯಿಲ್ಲ. ಹೊರಗಿನ ಹಣ, ಹೊರಗಿನ ಕುಶಲಿಗಳು ಸೇರಿದರೆ ಚಿತ್ರದ ಕನ್ನಡತನ ಕೆಡುತ್ತದೆಂಬುದು ಅವರ ವಾದ. ಇದನ್ನು ನಾನು ಒಪ್ಪುವುದಿಲ್ಲ. 1970ರ ‘ಸಂಸ್ಕಾರ’ವನ್ನೇ ನೋಡಿ. ನಿರ್ದೇಶಕರಾದ ಪಟ್ಟಾಭಿರಾಮ ರೆಡ್ಡಿಯವರು ತೆಲುಗು ಕವಿಗಳು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು. ಆದರೂ ಮಲೆನಾಡಿನ ಅಗ್ರಹಾರವೊಂದರ ಒಳಮನೆಯ ಕತ್ತಲನ್ನು ಅಷ್ಟು ನಿಜವಾಗಿ ಹಿಡಿದ ಚಿತ್ರ ಅದಕ್ಕೆ ಮುಂಚೆ ನಮ್ಮಲ್ಲಿರಲಿಲ್ಲ. ‘ತಿಥಿ’ಯ ಛಾಯಾಗ್ರಾಹಕ ಡೊರಾನ್ ಟೆಂಪರ್ಟ್, ಸಂಕಲನಕಾರ ಜಾನ್ ಜಿಮ್ಮರ್‌ಮನ್. ಇಬ್ಬರೂ ಕನ್ನಡದವರಲ್ಲ. ನಿರ್ದೇಶಕ ರಾಮ್ ರೆಡ್ಡಿಯವರು ಚಿತ್ರವಿದ್ಯೆ ಕಲಿತದ್ದು ಪ್ರಾಗ್ ನಗರದಲ್ಲಿ. ಆದರೆ ಕಥೆಯಲ್ಲಿ ಅವರಿಗೆ ಜೊತೆಯಾದವರು ಈರೇಗೌಡರು; ನಟಿಸಿದವರು ಮಂಡ್ಯದ ಕಡೆಯ ಹಳ್ಳಿಗರು. ಕಣ್ಣು ಎಲ್ಲಿಯದಾದರೂ ಆಗಲಿ, ಕಿವಿ ಊರಿನದಾಗಿದ್ದರೆ ಚಿತ್ರ ಕೆಡದು.

ನನ್ನ ಅಳುಕು ಇರುವುದು ಈ ಕಿವಿಯ ವಿಷಯದಲ್ಲಿಯೇ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆ ‘ಬಾರಲೇ’ ಎಂಬುದಕ್ಕೂ ‘ಬರ್ರಿ’ ಎಂಬುದಕ್ಕೂ ನಡುವೆ ಒಂದು ಊರಿಗೆ ಊರೇ ಇದೆ. ಕಟ್ಟೆಯ ಮೇಲೆ ಕುಳಿತವನು ಯಾರನ್ನು ‘ಲೇ’ ಎನ್ನುತ್ತಾನೆ, ಕೆಳಗೆ ನಿಂತವನು ಯಾರಿಗೆ ‘ರೀ’ ಹಚ್ಚುತ್ತಾನೆ ಎಂಬುದರಲ್ಲಿ ಜಾತಿ, ಹೊಲ, ಸಾಲ, ವಯಸ್ಸು ಎಲ್ಲದರ ಲೆಕ್ಕವೂ ಸೇರಿರುತ್ತದೆ. ಅರವತ್ತರ ಮುದುಕನನ್ನು ಹದಿನೈದರ ಹುಡುಗ ಏಕವಚನದಲ್ಲಿ ಕೂಗಿದರೆ ಕಥೆಗಾರ ಇನ್ನೇನೂ ಹೇಳಬೇಕಾಗಿಲ್ಲ. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲಿನಲ್ಲಿ ಇವೆರಡಕ್ಕೂ ಒಂದೇ ಮಾತು. ಬರ್ಲಿನ್ನಿನ ಪ್ರೇಕ್ಷಕನಿಗೆ ಅನ್ಯಾಯದ ಘಟನೆ ಕಾಣಿಸುತ್ತದೆ. ದಿನನಿತ್ಯ ಬಾಯಲ್ಲಿ ನಡೆಯುವ ಅನ್ಯಾಯ ಕೇಳಿಸುವುದಿಲ್ಲ. ಇದನ್ನು ಬಲ್ಲ ಜಾಣ ನಿರ್ದೇಶಕರು ಕ್ರಮೇಣ ಮಾತನ್ನೇ ಕಡಮೆ ಮಾಡುತ್ತ ಹೋಗುತ್ತಾರೆ. ಮೌನಕ್ಕೆ ಅನುವಾದ ಬೇಕಿಲ್ಲವಷ್ಟೆ! ಉತ್ಸವದ ಚಿತ್ರಗಳೆಲ್ಲ ಮಂಜು, ಕಾಡು, ಮಳೆ, ದೀರ್ಘ ಮೌನಗಳಿಂದ ತುಂಬುತ್ತಿರುವುದಕ್ಕೆ ಕಲೆಯಷ್ಟೇ ಕಾರಣವೆಂದು ನಂಬಲಾರೆ.

‘ವಾಘಾಚಿಪಾಣಿ’ಯನ್ನು ಈ ದೃಷ್ಟಿಯಿಂದ ನೋಡಬೇಕು. ಸಿಂಗಪುರದವರ ಸಹಭಾಗಿತ್ವವಿದ್ದ ಈ ಚಿತ್ರಕ್ಕೆ ಆಧಾರ ನಮ್ಮ ರಾಯಚೂರು ಸೀಮೆಯ ಅಮರೇಶ ನುಗಡೋಣಿಯವರ ಬರಹ. ನುಗಡೋಣಿಯವರ ಕಥಾಲೋಕ ಬಯಲಿನದು: ಎರೆಹೊಲ, ಮಠ, ಗೌಡರ ವಾಡೆ, ಮಾತಿನ ಮೇಲೆ ಮಾತು. ಚಿತ್ರ ಅದನ್ನು ಪಶ್ಚಿಮಘಟ್ಟದ ಕಾಡಂಚಿಗೆ ಒಯ್ದಿದೆ. ಹದಿನಾರು ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದ ದೃಶ್ಯಗಳು ನಿಸ್ಸಂಶಯವಾಗಿ ಸುಂದರವಾಗಿವೆ. ಊರಿನ ಯಜಮಾನನಾಗಿ ಅಚ್ಯುತ್ ಕುಮಾರರು ದನಿಯೆತ್ತದೆಯೇ ಹೆದರಿಸುತ್ತಾರೆ. ಕಥೆಯನ್ನು ಬೇರೆ ನೆಲಕ್ಕೆ ನೆಡುವುದು ನಿರ್ದೇಶಕನ ಹಕ್ಕು. ತಾನು ಬಲ್ಲ ಊರನ್ನೇ ಅವನು ತೆಗೆದದ್ದು ಪ್ರಾಮಾಣಿಕವೂ ಹೌದು. ಆದರೆ ಬಯಲುಸೀಮೆಯ ಗೌಡನ ಕ್ರೌರ್ಯ ಹತ್ತು ಮಂದಿಯ ಎದುರಿಗೆ, ಬಿಸಿಲಲ್ಲಿ, ಬಾಯಿ ಮಾಡಿ ನಡೆಯುವಂಥದು. ಕಾಡಿನ ನೆರಳಿಗೆ ಬಂದಾಗ ಅದು ಗೂಢವಾಗಿದೆ, ಕಾವ್ಯಮಯವಾಗಿದೆ. ಇಷ್ಟು ಕಾವ್ಯ ಆ ಕ್ರೌರ್ಯಕ್ಕೆ ಸಲ್ಲಬೇಕಾದದ್ದಲ್ಲ.

ನುಗಡೋಣಿಯವರ ‘ಸವಾರಿ’ ಕಥೆಯಿಂದ ಗಿರೀಶ ಕಾಸರವಳ್ಳಿಯವರು ಮಾಡಿದ ‘ಕನಸೆಂಬ ಕುದುರೆಯನೇರಿ’ಯನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಗೋರಿ ತೋಡುವ ಈರ್ಯನಾಗಿ ಬೀದರ ಕಡೆಯ ವೈಜನಾಥ ಬಿರಾದಾರರು, ಅವನ ಹೆಂಡತಿಯಾಗಿ ಉಮಾಶ್ರೀಯವರು. ಒಂದೇ ಸಂಗತಿಯನ್ನು ಎರಡು ಕಡೆಯಿಂದ ಎರಡು ಸಲ ಹೇಳುವ ಆ ಚಿತ್ರದ ರಚನೆ ಕೊಂಚ ಪಾಠದಂತೆ ತೋರುವುದುಂಟು. ಆದರೆ ಬಿರಾದಾರರು ಬಾಯಿ ತೆರೆದರೆ ಸಾಕು, ಆ ಮನುಷ್ಯ ಎಂಥ ಮನೆಯಲ್ಲಿ ಹುಟ್ಟಿದವನು, ಯಾರೆದುರು ಬಗ್ಗಿದವನು ಎಂಬುದು ಗೊತ್ತಾಗುತ್ತದೆ. ಮ್ಯಾಡ್ರಿಡ್ಡಿನವರು ಅವರ ನಟನೆಗೆ ಪ್ರಶಸ್ತಿ ಕೊಟ್ಟರು. ಮಾತನ್ನು ಉಳಿಸಿಕೊಂಡ ಚಿತ್ರವೂ ಗಡಿ ದಾಟಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮಲ್ಲಿ ಹಳೆಯ ದೃಷ್ಟಾಂತವೊಂದಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ಅಶೋಕನ ಹೆಸರೇ ಇದ್ದು, ‘ದೇವಾನಾಂಪ್ರಿಯ’ ಯಾರೆಂಬುದು ಖಚಿತವಾಯಿತು. ಆ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ದೂರದ ದೊರೆಯ ಮಾತು ಈ ಸೀಮೆಗೆ ಬಂದಾಗ ಓದಿ ಬಿಡಿಸಿ ಹೇಳುವವನೊಬ್ಬ ಬೇಕಾಗಿದ್ದಿರಬೇಕು. ಈಗ ನಮ್ಮ ಮಾತು ದೂರಕ್ಕೆ ಹೋಗುತ್ತಿದೆ. ಬಿಡಿಸಿ ಹೇಳುವವನ ಹೊಣೆ ಅಂದಿನಷ್ಟೇ ದೊಡ್ಡದು. ಹಲವು ದೇಶಗಳ ಹಣ ಕೂಡಿಸಿ ಚಿತ್ರ ತೆಗೆಯುವ ಸಂಸ್ಥೆಗಳು ಬೆಳಕಿಗೂ ಧ್ವನಿಗೂ ನುರಿತವರನ್ನು ಕರೆಸುತ್ತವೆ. ಕೆಳಗಿನ ಸಾಲುಗಳನ್ನು ಬರೆಯಲು ಆ ಊರಿನ ಮಾತು ಬಲ್ಲವನನ್ನೂ ಜೊತೆಗೆ ಕೂರಿಸಿದರೆ ಖರ್ಚೇನೂ ಹೆಚ್ಚಾಗದು.

ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಈ ಎಲ್ಲ ಚಿತ್ರಗಳಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು. ‘ಪೆದ್ರೊ’ವನ್ನು ನಿರ್ಮಿಸಿದ ರಿಷಭ್ ಶೆಟ್ಟಿಯವರ ಸಂಸ್ಥೆಯೇ ಇದನ್ನೂ ನಿರ್ಮಿಸಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳವೇ ಇಲ್ಲಿಯ ರಂಗಭೂಮಿ; ಊರವರೇ ಪಾತ್ರಧಾರಿಗಳು. ಹಾಸಿಗೆ ಹಿಡಿದ ಗಂಡ, ಬೆಳೆದ ಮಕ್ಕಳು, ಕೈಯಲ್ಲಿದ್ದ ಉಳಿತಾಯ. ಒಬ್ಬರ ಕೆಳಗೆ ಒಬ್ಬರನ್ನು ಸೇರಿಸುತ್ತ ಹೋಗುವ ವ್ಯಾಪಾರಕ್ಕೆ ಶಿವಮ್ಮ ಆ ಹಣವನ್ನು ಸುರಿದು, ಶಕ್ತಿಪೇಯದ ಪುಡಿಯನ್ನು ಮನೆಮನೆಗೆ ಮಾರಲು ಹೊರಡುತ್ತಾಳೆ. ಈ ಪುಡಿಯ ಮೋಹ ನಮ್ಮ ತಾಲ್ಲೂಕುಗಳಿಗೆ ಹೊಸದಲ್ಲ. ಶರಣಮ್ಮನವರ ಶಿವಮ್ಮ ಮಾರುವ ಮಾತು ಸ್ವಲ್ಪ ಕಂಪನಿಯದು, ಸ್ವಲ್ಪ ಪುರಾಣದ್ದು, ಮಿಕ್ಕದ್ದು ಆಕೆಯ ಸ್ವಂತದ್ದು. ಗಿರಾಕಿಯನ್ನು ನೋಡಿ ‘ಯವ್ವ’ ಎಂದು ಕರಗುವುದು, ‘ರೀ’ ಎಂದು ಬಿಗಿಯುವುದು ಆಕೆಗೆ ಚೆನ್ನಾಗಿ ಗೊತ್ತು. ಎಲ್ಲಿಯೂ ಆಕೆಯನ್ನು ಮೂರ್ಖಳೆಂದು ತೋರಿಸದಿರುವುದು, ಹಾಗೆಯೇ ಸಾಧ್ವಿಯೆಂದು ಕೊಂಡಾಡದಿರುವುದು ಈ ಚಿತ್ರದ ದೊಡ್ಡ ಗುಣ. ನಡುವೆ ಚಿತ್ರ ತುಸು ಎಳೆಯುತ್ತದೆ, ನಿಜ.

ನನ್ನ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿದಾಗ ಅವರು ಎಲ್ಲೆಲ್ಲಿ ನಕ್ಕರೆಂಬುದನ್ನು ಗಮನಿಸುತ್ತ ಕುಳಿತಿದ್ದೆ. ಬಹಳ ಕಡೆ, ಪರದೆಯ ಕೆಳಗಿನ ಇಂಗ್ಲಿಷಿನಲ್ಲಿ ನಗುವಂಥದೇನೂ ಇರಲಿಲ್ಲ. ಮುಗಿದ ಮೇಲೆ ಮಸ್ಕಿ ಕಡೆಯ ಹುಡುಗಿಯೊಬ್ಬಳು, “ಸರ, ನಮ್ಮ ದೊಡ್ಡವ್ವನೂ ಹಿಂಗ ಪುಡಿ ಮಾರಿದ್ಳರಿ. ಇನ್ನೂ ಎರಡು ಡಬ್ಬಿ ಅಟ್ಟದ ಮ್ಯಾಲ ಅದಾವ,” ಎಂದಳು.