ಬಿಗಿ ಮೈ, ಮೆತ್ತನೆಯ ಕಾಲು

ಬಾನೆಟ್ಟಿನ ಅಡಿಯಲ್ಲಿ ಎರಡೂ ಮುಂದಿನ ಶಾಕ್ ಅಬ್ಸಾರ್ಬರ್‌ಗಳ ನೆತ್ತಿಯನ್ನು ಅಡ್ಡಲಾಗಿ ಬೆಸೆಯುವ ಸ್ಟ್ರಟ್ ಬಾರ್ ಎಂಬ ಸರಳು ರಸ್ತೆಯಲ್ಲಿ ಓಡುವ ಕಾರಿಗೆ ಬೇಕೋ ಬೇಡವೋ ಎಂಬುದನ್ನು ಈ ವಾರ ಇತ್ಯರ್ಥಪಡಿಸುವುದಾಗಿ ಅಂಕಣವು ಮಾತು ಕೊಟ್ಟಿತ್ತು. ಇಂಥ ವಾದಕ್ಕೆ ಒಂದು ಕಾರೂ ಒಂದು ರಸ್ತೆಯೂ ಎದುರಿಗಿರಬೇಕಾದ್ದರಿಂದ, ಛತ್ರಪತಿ ಸಂಭಾಜಿನಗರದ ಹೊರವಲಯದ ಶೇಂದ್ರಾದಲ್ಲಿ 2001ರಿಂದ ಜೋಡಣೆಗೊಂಡ ಸ್ಕೋಡಾ ಆಕ್ಟೇವಿಯಾದ ಮೊದಲ ಪೀಳಿಗೆಯನ್ನು, ಅದರಲ್ಲೂ 150 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಎಂಜಿನ್ನಿನ ಆರ್‌ಎಸ್ ಮಾದರಿಯನ್ನು ತೆಗೆದುಕೊಳ್ಳಬಹುದು. ರಸ್ತೆಗೆ ನಾಸಿಕ ಜಿಲ್ಲೆಯ ಸಟಾಣಾಕ್ಕಿಂತ ಕಠಿಣ ಪರೀಕ್ಷಕರು ಸಿಗುವುದು ಕಷ್ಟ: ಈರುಳ್ಳಿ ಹೇರಿದ ಟ್ರ್ಯಾಕ್ಟರುಗಳು ಅದುಮಿ ಅಲೆಯೆಬ್ಬಿಸಿದ ಡಾಂಬರು, ಊರೂರಿಗೂ ಹಂಪು, ನೈಋತ್ಯಕ್ಕೆ ನಾಂದೂರಿಯಿಂದ ಸಪ್ತಶೃಂಗಿ ಗಡಕ್ಕೆ ಏರುವ ತಿರುವುಗಳು, ಮಾಲೆಗಾಂವ್, ಚಾಳೀಸಗಾಂವ್ ಮಾರ್ಗವಾಗಿ ಸಂಭಾಜಿನಗರಕ್ಕೆ ಹೊರಟರೆ ಔಟ್ರಾಮ್ ಘಾಟಿ, ಅದನ್ನು ಹತ್ತಿದರೆ ಕನ್ನಡ ಎಂಬ ಹೆಸರಿನದೇ ತಾಲ್ಲೂಕು ಕೇಂದ್ರ.

ಸರಳಿನ ಪ್ರಶ್ನೆಗೆ ಉತ್ತರ ಗಣಿತದಲ್ಲಿದೆ. ಏಣಿಯಾಕಾರದ ಚೌಕಟ್ಟಿನ ಮೇಲೆ ಮೈಯನ್ನು ಕೂರಿಸುವ ಜಿಪ್ಸಿಯಂಥ ವಾಹನಗಳಿಗಿಂತ ಭಿನ್ನವಾಗಿ, ಆಕ್ಟೇವಿಯಾದಂಥ ಕಾರುಗಳಲ್ಲಿ ತಗಡಿನ ಮೈಯೇ ಚಾಸಿ. ಇದಕ್ಕೆ ಮಾನೊಕಾಕ್ ಎಂದು ಹೆಸರು. ಈ ಮೈಯನ್ನು ಒಂದು ಡಿಗ್ರಿ ತಿರುಚಲು ಬೇಕಾಗುವ ತಿರುಚುಬಲವನ್ನು ತಿರುಚು ಬಿಗಿತ ಎನ್ನುತ್ತಾರೆ. ತಿರುಚುವ ಬಲದ ಮಟ್ಟಿಗೆ ಮೈಯೂ ಸಸ್ಪೆನ್ಷನ್ನೂ ಸರಣಿಯಲ್ಲಿ ಜೋಡಿಸಿದ ಎರಡು ಸ್ಪ್ರಿಂಗುಗಳಿದ್ದಂತೆ. ಸಸ್ಪೆನ್ಷನ್ನಿನ ಬಿಗಿತ ಡಿಗ್ರಿಗೆ 1,000 ನ್ಯೂಟನ್ ಮೀಟರ್, ಮೈಯದು 10,000 ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಎರಡೂ ಸೇರಿ ದೊರೆಯುವುದು ಸುಮಾರು 909; ಮೈಯ ಬಿಗಿತವನ್ನು ಇಮ್ಮಡಿಗೊಳಿಸಿದರೂ ಅದು 952ಕ್ಕೆ ಏರಿ ನಿಲ್ಲುತ್ತದೆ. ಮೈಯ ಬಿಗಿತ 3,000ದಷ್ಟೇ ಇರುವ ಹಳೆಯ ತೆರೆಮೈ ಕಾರಿನಲ್ಲಿ ಮಾತ್ರ ಮೊತ್ತ 750ಕ್ಕೆ ಕುಸಿಯುವುದರಿಂದ, ಅಲ್ಲಿ ಮೈ ಬಿಗಿಗೊಳಿಸಿದರೆ ಫಲ ಕೈಗೆ ತಿಳಿಯುತ್ತದೆ. ಮುಚ್ಚಿದ ಮೈಯ ಆಧುನಿಕ ಕಾರಿಗೆ ಹೊಳೆಯುವ ಅಲ್ಯೂಮಿನಿಯಂ ಸರಳು, ಅದರಲ್ಲೂ ನಡುವೆ ಕೀಲಿಟ್ಟು ಬೋಲ್ಟ್ ಹಾಕಿದ ಸರಳು, ಬಹುಮಟ್ಟಿಗೆ ಆಭರಣ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಓಡುವ ರ‍್ಯಾಲಿ ಕಾರುಗಳ ಮೈ ಬಿಗಿಯಾಗುವುದು ತಗಡಿನ ಸಂದುಗಳಿಗೆ ಹಾಕಿದ ಹೆಚ್ಚುವರಿ ಬೆಸುಗೆಯಿಂದ ಮತ್ತು ಒಳಗೆ ಕಟ್ಟಿದ ಉಕ್ಕಿನ ರೋಲ್ ಕೇಜಿನಿಂದ. ಅದೇ ಕೇಜು ಹೆಲ್ಮೆಟ್ ಇಲ್ಲದೆ ಕೂರುವವರ ತಲೆಗೆ ಅಪಾಯಕಾರಿ. ಜೊತೆಗೆ, ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ.

ಸರಳಿನ ಮಾತು ಇಷ್ಟಕ್ಕೇ ಮುಗಿಯುವುದರಿಂದ ಉಳಿದ ಜಾಗವನ್ನು ಹಳೆಯ ಎದುರಾಳಿಗಳಿಗೆ, ಅಂದರೆ ಕಾರನ್ನು ನೆಲಕ್ಕೆ ಹತ್ತಿರ ಇಳಿಸಿದಷ್ಟೂ ತಿರುವಿನಲ್ಲಿ ಚುರುಕಾಗುತ್ತದೆಂದು ನಂಬಿದ ಪಂಥಕ್ಕೆ ಮೀಸಲಿಡಬಹುದು. ಸುರುಳಿ ಸ್ಪ್ರಿಂಗಿನ ಬಿಗಿತವು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿಯೂ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿಯೂ ಇರುವುದರಿಂದ, ಆರು ಸುತ್ತುಗಳಲ್ಲಿ ಒಂದನ್ನು ಗ್ರೈಂಡರಿನಲ್ಲಿ ಕತ್ತರಿಸಿದರೆ ಬಿಗಿತ ಶೇ 20ರಷ್ಟು ಏರುತ್ತದೆ, ಕಾರೂ ಇಳಿಯುತ್ತದೆ. ಆದರೆ ಆಕ್ಟೇವಿಯಾದ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕ್ ಅಬ್ಸಾರ್ಬರೇ ಚಕ್ರದ ಮೇಲ್ತುದಿಗೆ ಆಸರೆಯಾಗಿ, ಕೆಳಗೆ ಒಂದೇ ಲೋವರ್ ಆರ್ಮ್ ಇರುವ ರಚನೆ. ಕಾರು ಇಳಿದಾಗ ಈ ಆರ್ಮಿನ ಹೊರತುದಿ ಮೇಲಕ್ಕೆ ಓಲುತ್ತದೆ. ಮೈ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ರೋಲ್ ಸೆಂಟರ್ ಎಂಬ ಕಲ್ಪಿತ ಬಿಂದು, ಭಾರಕೇಂದ್ರ ಇಳಿದುದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಅವೆರಡರ ಅಂತರ ಬೆಳೆದು, ಮೈಯನ್ನು ವಾಲಿಸುವ ಸನ್ನೆ ಉದ್ದವಾಗುತ್ತದೆ. ಹೀಗೆ ಇಳಿಸಿದ ಕಾರು ಗಳಿಸಿದ ಬಿಗಿತದ ಒಂದು ಪಾಲನ್ನು ತಾನೇ ತಂದುಕೊಂಡ ವಾಲಾಟವನ್ನು ತಡೆಯಲು ವ್ಯಯಿಸುತ್ತದೆ. ಚಕ್ರಕ್ಕೆ ಮೇಲೇರಲು ಉಳಿದ ಜಾಗ ಕಡಿಮೆಯಾಗಿ, ಘಾಟಿಯ ತಿರುವಿನ ನಡುವೆ ಒಂದು ಕುಳಿ ಸಿಕ್ಕರೆ ಸ್ಟ್ರಟ್ಟು ಬಂಪ್ ಸ್ಟಾಪಿಗೆ, ಅಂದರೆ ಚಲನೆಯ ಕೊನೆಯಲ್ಲಿರುವ ರಬ್ಬರು ತಡೆಗೆ ಬಡಿಯುತ್ತದೆ. ಆ ಕ್ಷಣದಲ್ಲಿ ಮುಂದಿನ ಬಿಗಿತ ಹಲವು ಪಟ್ಟು ಏರಿ, ಟೈರು ಹಿಡಿತ ಬಿಟ್ಟು, ಸ್ಟಿಯರಿಂಗ್ ತಿರುಗಿದ್ದರೂ ಕಾರು ನೇರ ಹೋಗತೊಡಗುತ್ತದೆ. ಬಲಗಡೆ ಕಣಿವೆಯಿರುವಾಗ ಇದನ್ನು ಚುರುಕುತನ ಎನ್ನಲು ವಿಶೇಷ ಧೈರ್ಯ ಬೇಕು.

ಈ ಪಂಥದವರು ಓದಬೇಕಾದ ಹಿರಿಯ ಮಾರಿಸ್ ಆಲಿ. ರೋಲ್ಸ್ ರಾಯ್ಸ್‌ನಲ್ಲಿ ಪಳಗಿ, 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿ, ಮುಂದೆ ಮೊದಲ ಕಾರ್ವೆಟ್‌ನ ಚಾಸಿಗೂ ಕೈಯಿಟ್ಟ ಈ ಎಂಜಿನಿಯರನ ಟಿಪ್ಪಣಿಗಳನ್ನು ಮಿಲಿಕೆನ್ ತಂದೆ ಮಗ 2002ರಲ್ಲಿ ಪುಸ್ತಕವಾಗಿ ಹೊರತಂದರು. ಆಲಿ ಒಂದು ದೊಡ್ಡ ಕಾರಿನ ಹಿಂದೆ ಮುಂದೆ ಜರುಗಿಸಬಹುದಾದ ತೂಕಗಳನ್ನು ಕಟ್ಟಿ, ಭಾರದ ಹಂಚಿಕೆಯನ್ನೂ ಸ್ಪ್ರಿಂಗುಗಳನ್ನೂ ಬದಲಿಸುತ್ತ ಓಡಿಸಿ ನೋಡಿದವನು. ಸುಖಪ್ರಯಾಣಕ್ಕೆ ಮುಂದಿನ ಸ್ಪ್ರಿಂಗುಗಳು ಹಿಂದಿನವುಗಳಿಗಿಂತ ಮೆತ್ತಗಿರಬೇಕು ಎಂಬುದು ಅವನು ಕಂಡುಕೊಂಡದ್ದು. ಮುಂದಿನ ಬಿಗಿತ ಹಿಂದಿನದಕ್ಕಿಂತ ಸುಮಾರು ಶೇ 30 ಕಡಿಮೆಯಿರಲಿ ಎಂಬುದು ಅವನ ಹೆಸರಿನಲ್ಲಿ ಇಂದಿಗೂ ನಡೆಯುವ ನಿಯಮ. ಕಾರಣ ಸರಳ. ಹಂಪನ್ನು ಮುಂದಿನ ಚಕ್ರಗಳು ಮೊದಲು ಹತ್ತುತ್ತವೆ. ಸುಮಾರು ಎರಡೂವರೆ ಮೀಟರ್ ಅಂತರದಲ್ಲಿರುವ ಆಕ್ಟೇವಿಯಾದ ಹಿಂದಿನ ಚಕ್ರಗಳು, ಗಂಟೆಗೆ 72 ಕಿ.ಮೀ. ವೇಗದಲ್ಲಿ, ಸೆಕೆಂಡಿನ ಎಂಟನೇ ಒಂದು ಭಾಗ ತಡವಾಗಿ ಹತ್ತುತ್ತವೆ. ತಡವಾಗಿ ಶುರುವಾದ ಹಿಂಭಾಗದ ಕುಣಿತ ತುಸು ವೇಗದ್ದಾಗಿದ್ದರೆ ಅದು ಮುಂಭಾಗವನ್ನು ಹಿಡಿದು, ತಲೆದೂಗುವ ಕಾರು ಒಟ್ಟಿಗೆ ಏರಿಳಿಯುವ ಕಾರಾಗುತ್ತದೆ. ಏರಿಳಿತವನ್ನು ಮನುಷ್ಯದೇಹ ತಲೆದೂಗಾಟಕ್ಕಿಂತ ಸುಲಭವಾಗಿ ಸಹಿಸುತ್ತದೆ. ಮುಂದಿನ ಸ್ಪ್ರಿಂಗನ್ನಷ್ಟೇ ಬಿಗಿಮಾಡಿದ ಕಾರು ಸಟಾಣಾದಿಂದ ಮಾಲೆಗಾಂವ್‌ವರೆಗೂ ಪ್ರತಿ ಹಂಪಿಗೂ ನಮಸ್ಕಾರ ಹಾಕುತ್ತ ಹೋಗುವುದು ಇದೇ ಕಾರಣಕ್ಕೆ.

ಇಲ್ಲಿಂದ ಮಾತು ಶಾಕ್ ಅಬ್ಸಾರ್ಬರಿಗೆ, ಪಠ್ಯದ ಭಾಷೆಯಲ್ಲಿ ಡ್ಯಾಂಪರಿಗೆ ಹೊರಳಲೇಬೇಕು. ಸ್ಪ್ರಿಂಗು ಹಿಡಿದಿಟ್ಟ ಶಕ್ತಿಯನ್ನು ಎಣ್ಣೆಯ ಮೂಲಕ ಶಾಖವಾಗಿ ಕಳೆಯುವ ಈ ಸಾಧನವನ್ನು ಹಾಗೆಯೇ ಬಿಟ್ಟು ಸ್ಪ್ರಿಂಗನ್ನು ಮಾತ್ರ ಶೇ 40ರಷ್ಟು ಬಿಗಿಗೊಳಿಸಿದರೆ, ಕುಣಿತವನ್ನು ಅಡಗಿಸುವ ಅನುಪಾತ ಸುಮಾರು ಶೇ 15ರಷ್ಟು ಇಳಿಯುತ್ತದೆ: ಬಿಗಿಯೂ ಹೌದು, ತೇಲಾಟವೂ ಹೌದು ಎಂಬ ವಿಚಿತ್ರ ಕಾರು ಸಿದ್ಧ. ನಾಸಿಕದಲ್ಲಿ ಗೇಬ್ರಿಯಲ್, ಸಂಭಾಜಿನಗರದ ವಾಳೂಜಿನಲ್ಲಿ ಎಂಡ್ಯೂರೆನ್ಸ್, ಹೀಗೆ ಎರಡೂ ಜಿಲ್ಲೆಗಳಲ್ಲಿ ಶಾಕ್ ಅಬ್ಸಾರ್ಬರುಗಳೇ ತಯಾರಾಗುತ್ತಿರುವಾಗ, ಅಲ್ಲಿನ ಕಾರುಗಳು ಸ್ಪ್ರಿಂಗ್ ಕತ್ತರಿಸಿ ತಿರುಗುವುದು ತಮಾಷೆಯೇ ಸರಿ.

ಆರ್‌ಎಸ್‌ಗೆ ಹಣ ಹಾಕುವ ಕ್ರಮ ಹೀಗಿರಬೇಕು: ಮೊದಲು ಒಳ್ಳೆಯ ಟೈರು, ಆಮೇಲೆ ಹೊಸ ಡ್ಯಾಂಪರು, ಆ ಬಳಿಕ ಬುಷ್ಷು; ವಾಲಾಟ ಇನ್ನೂ ಹೆಚ್ಚೆನಿಸಿದರೆ ಮಾತ್ರ ಆಂಟಿ ರೋಲ್ ಬಾರು. ಎಡಬಲ ಚಕ್ರಗಳನ್ನು ಕಟ್ಟುವ ಈ ಬಾರಿನಲ್ಲೂ ನಾಲ್ಕನೇ ಘಾತದ ಆಟವಿದೆ: 20 ಮಿ.ಮೀ. ಬದಲು 22 ಹಾಕಿದರೆ ಬಿಗಿತ ಶೇ 46 ಏರುತ್ತದೆ, ಆದ್ದರಿಂದ ಇಲ್ಲಿ ಕೈ ಬಿಗಿಹಿಡಿಯುವುದೇ ಲೇಸು. ಇದರ ಪರಿಣಾಮ ಎಷ್ಟು ಗಂಭೀರವೆಂಬುದಕ್ಕೆ ಆಕ್ಟೇವಿಯಾದ ದಾಯಾದಿಯೇ ಸಾಕ್ಷಿ. ಅದೇ ವೇದಿಕೆಯ ಮೇಲೆ ಕಟ್ಟಿದ ಮೊದಲ ಆಡಿ ಟಿಟಿ ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದಲ್ಲಿ ಹಿಡಿತ ತಪ್ಪಿ ಅಪಘಾತಗಳಾದ ಮೇಲೆ, ಕಂಪನಿಯು ಕಾರುಗಳನ್ನು ವಾಪಸು ಕರೆಸಿ ಸಸ್ಪೆನ್ಷನ್ನನ್ನು ತಿದ್ದಿ, ಹಿಂದೆ ಸ್ಪಾಯ್ಲರ್ ಕೂರಿಸಬೇಕಾಯಿತು.

ಮೇಲಿನ ಪಟ್ಟಿಯಲ್ಲಿ ಬಂದ ಬುಷ್ಷೆಂದರೆ ಲೋವರ್ ಆರ್ಮು ಮೈಗೆ ಸೇರುವ ಜಾಗದ ರಬ್ಬರು ಕೀಲು. ವಯಸ್ಸಾದ ಕಾರಿನಲ್ಲಿ ಆರ್ಮಿನ ಹಿಂಬದಿಯ ಬುಷ್ಷು ಬಿರಿದು, ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿದು, ಅಲೈನ್‌ಮೆಂಟ್ ಯಂತ್ರ ಬರೆದುಕೊಟ್ಟ ಕೋನಗಳೆಲ್ಲ ಓಡುವಾಗ ಸುಳ್ಳಾಗುತ್ತವೆ. ಮೈ ಸಡಿಲವಾಗಿದೆ ಎಂಬ ದೂರು ಬಹಳ ಸಲ ಈ ಬಿರಿದ ರಬ್ಬರಿನದೇ. ಪಾಲಿಯುರೆಥೇನ್ ಬುಷ್ಷು ಹಿಡಿತ ಕೊಡುತ್ತದೆ, ಸದ್ದನ್ನೂ ಒಳಗೆ ತರುತ್ತದೆ. ದಿನವೂ ಓಡಿಸುವ ಕಾರಿಗೆ ಗಟ್ಟಿ ರಬ್ಬರು ಸಾಕು. ಆದರೆ ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟಿಗೆ ಎತ್ತಿ, ಚಕ್ರಗಳು ಜೋತಾಡುತ್ತಿರುವಾಗಲೇ ಹೊಸ ಬುಷ್ಷಿನ ಬೋಲ್ಟನ್ನು ಪೂರ್ತಿ ಬಿಗಿದರೆ, ಉಕ್ಕಿನ ಕೊಳವೆಗೆ ಅಂಟಿಕೊಂಡ ರಬ್ಬರು ಕಾರು ಕೆಳಗಿಳಿದ ಕ್ಷಣದಿಂದಲೇ ತಿರುಚಿಕೊಂಡು ನಿಂತು, ಬೇಗನೆ ಹರಿಯುತ್ತದೆ. ಬೋಲ್ಟನ್ನು ಕೈಬಿಗಿಯಲ್ಲಿ ಬಿಟ್ಟು, ಚಕ್ರಗಳ ಮೇಲೆ ಕಾರಿನ ಪೂರ್ಣ ತೂಕ ಬಂದ ಮೇಲೆಯೇ ಟಾರ್ಕ್ ರೆಂಚಿನಿಂದ ಬಿಗಿಯುವಂತೆ ಮೆಕ್ಯಾನಿಕ್ಕಿಗೆ ಮೊದಲೇ ಹೇಳಿಡಬೇಕು.